ಒಂದೇ ಕೋಣೆ, ಒಂದೇ ಟೇಕ್: ಜಾಝ್ ಆಲ್ಬಂಗಳಿಂದ ಕಲಬುರಗಿಯ ತತ್ವಪದಗಳಿಗೆ ಸಿಗುವ ಪಾಠ

ಯೂಟ್ಯೂಬಿನಲ್ಲಿ ತತ್ವಪದಕಾರ ಕಡಕೋಳ ಮಡಿವಾಳಪ್ಪನ ಪದಗಳನ್ನು ಹುಡುಕಿ ನೋಡಿ. ಸಾಕಷ್ಟು ಸಿಗುತ್ತವೆ. ಕೆಲವನ್ನು ಯಾರೋ ಮಠದ ಅಂಗಳದಲ್ಲೋ ಗುಡಿಯ ಮುಂದೋ ಮೊಬೈಲ್ ಹಿಡಿದು ತೆಗೆದಿರುತ್ತಾರೆ. ದನಿ ಒಡೆದಿರುತ್ತದೆ. ತಾಳದ ಸದ್ದು ಕಿವಿಗೆ ಬಡಿಯುತ್ತದೆ. ನಡುವೆ ಯಾರೋ ಕೆಮ್ಮುತ್ತಾರೆ. ಆದರೂ ಕೊನೆತನಕ ಕೇಳಬೇಕು ಅನ್ನಿಸುತ್ತದೆ. ಉಳಿದವು ಸ್ಟುಡಿಯೋದಲ್ಲಿ ಮಾಡಿದವು. ದನಿ ಸ್ವಚ್ಛ, ಶ್ರುತಿ ಚೊಕ್ಕ, ಹಿಂದೆ ಕೀಬೋರ್ಡಿನ ಪಿಟೀಲು, ರಿದಂ ಪ್ಯಾಡಿನ ಢೋಲಕ್. ಎರಡು ನಿಮಿಷಕ್ಕೆ ಮನಸ್ಸು ಬೇರೆ ಕಡೆ ಹೋಗುತ್ತದೆ. ಎಷ್ಟೋ ಸಲ ಎರಡೂ ಕಡೆ ಹಾಡಿದವರು ಅದೇ ಜನ, ಪದವೂ ಅದೇ. ಹಾಗಾದರೆ ನಡುವೆ ಕಳೆದುಹೋಗಿದ್ದು ಏನು?

ಈ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಜಾಝ್ ಆಲ್ಬಂಗಳಲ್ಲಿ. ಕಲಬುರಗಿಗೂ ಜಾಝ್‌ಗೂ ಏನು ಸಂಬಂಧ ಅಂತ ಕೇಳುವವರು ಇರುತ್ತಾರೆ. ಸಂಗೀತ ಬೇರೆ ನಿಜ. ಆದರೆ ಹಾಡುವವರು ಕೂಡುವ ರೀತಿ ತುಂಬಾ ಹತ್ತಿರ. ಆ ಕೂಟವನ್ನು ರೆಕಾರ್ಡ್ ಮಾಡುವುದು ಹೇಗೆ ಅನ್ನುವುದನ್ನು ಜಾಝ್‌ನವರು ನೂರು ವರ್ಷದಿಂದ ಕಲಿಯುತ್ತ ಬಂದಿದ್ದಾರೆ. ಆ ಕಲಿಕೆ ನಮಗೆ ಈಗ, ಈ ಹೊತ್ತಿನಲ್ಲಿ, ಬೇಕಾಗಿದೆ.

ಮೊದಲು ನಮ್ಮ ಕಡೆ ಏನಾಗುತ್ತಿದೆ ನೋಡೋಣ. ಕಲಬುರಗಿ, ಬೀದರ್, ಯಾದಗಿರಿಯ ಸಣ್ಣ ಸ್ಟುಡಿಯೋಗಳಲ್ಲಿ ಕೆಲಸ ಹೆಚ್ಚುಕಡಿಮೆ ಒಂದೇ ತರಹ ನಡೆಯುತ್ತದೆ. ಒಂದು ಕೋಣೆ, ಗೋಡೆಗೆ ಫೋಮ್, ಮೂಲೆಯಲ್ಲಿ ಗಾಜಿನ ಬೂತ್, ಒಂದು ಕಂಪ್ಯೂಟರ್, ಒಂದು ಒಳ್ಳೆಯ ಮೈಕ್. ಮೊದಲು ಲಯ ಗೊತ್ತು ಮಾಡುತ್ತಾರೆ. ನಿಮಿಷಕ್ಕೆ ಇಷ್ಟು ಪೆಟ್ಟು ಅಂತ ಕಂಪ್ಯೂಟರಿಗೆ ಹೇಳಿದರೆ ಅದು ಟಿಕ್ ಟಿಕ್ ಅನ್ನುತ್ತ ಕೂರುತ್ತದೆ. ಇದಕ್ಕೆ ಕ್ಲಿಕ್ ಅನ್ನುತ್ತಾರೆ. ಕ್ಲಿಕ್ ಮೇಲೆ ಕೀಬೋರ್ಡಿನವರು ಲೂಪ್, ಅಂದರೆ ಮತ್ತೆ ಮತ್ತೆ ತಿರುಗಿ ಬರುವ ಒಂದು ಬಾಜನೆಯ ತುಂಡು, ಹಾಕುತ್ತಾರೆ. ಆಮೇಲೆ ಹಾಡುವವರು ಬರುತ್ತಾರೆ, ಹೆಡ್‌ಫೋನ್ ಹಾಕಿಕೊಂಡು ಒಬ್ಬರೇ ಬೂತ್‌ನಲ್ಲಿ ನಿಂತು ಹಾಡುತ್ತಾರೆ. ಹಿಮ್ಮೇಳಕ್ಕೆ ಇಬ್ಬರು ಹಾಡಿದ್ದನ್ನೇ ನಕಲು ಮಾಡಿ ಎಂಟು ಜನರ ದನಿ ಮಾಡುತ್ತಾರೆ. ಕೊನೆಗೆ ಶ್ರುತಿ ತಿದ್ದುವುದು, ಪ್ರತಿಧ್ವನಿ ಸೇರಿಸಿ ಗುಂಯ್‌ಗುಡಿಸುವುದು.

ಸ್ಟುಡಿಯೋದವರನ್ನು ಬೈಯಲು ನಾನು ಇದನ್ನು ಬರೆಯುತ್ತಿಲ್ಲ. ಅವರಿಗೂ ಕಾರಣಗಳಿವೆ. ಆರು ಜನರ ಮೇಳವನ್ನು ಒಂದು ದಿನ ಕೂಡಿಸಿದರೆ ಆರು ಜನರ ಕೂಲಿ ಹೋಗುತ್ತದೆ. ಒಬ್ಬರು ತಪ್ಪಿದರೆ ಎಲ್ಲರೂ ಮತ್ತೆ ಹಾಡಬೇಕು. ಕೋಣೆ ಚಿಕ್ಕದು, ಮೈಕ್ ಕಡಿಮೆ. ತುಂಡು ತುಂಡಾಗಿ ಮಾಡಿದರೆ ಕಡಿಮೆ ಖರ್ಚಿನಲ್ಲಿ ಕೆಲಸ ಮುಗಿಯುತ್ತದೆ. ಇದೆಲ್ಲ ನಿಜ.

ಆದರೆ ಭಜನಿ ಮೇಳ ಹೇಗೆ ನಡೆಯುತ್ತದೆ ನೆನಪಿಸಿಕೊಳ್ಳಿ. ಮುಂದೆ ಹಾಡುವವರು ಒಂದು ಸಾಲನ್ನು ಎಳೆಯುತ್ತಾರೆ. ತಬಲಾದವರು ಅವರ ಮುಖ ನೋಡಿ ಕಾಯುತ್ತಾರೆ. ಪೇಟಿಯವರು, ಅಂದರೆ ಹಾರ್ಮೋನಿಯಂನವರು, ಆ ಎಳೆತದ ಕೆಳಗೆ ಸ್ವರ ಹಿಡಿದು ನಿಲ್ಲುತ್ತಾರೆ. ದಮ್ಮಡಿ ಆ ಖಾಲಿಯಲ್ಲಿ ಎರಡು ಪೆಟ್ಟು ಜಾಸ್ತಿ ಹಾಕುತ್ತದೆ. ಹಿಂದಿನವರು ಪಲ್ಲವಿ ಎತ್ತುವಾಗ ಹುರುಪಿಗೆ ಅರ್ಧ ಮಾತ್ರೆ ಮೊದಲೇ ಎತ್ತುತ್ತಾರೆ. ನುಡಿಯಿಂದ ನುಡಿಗೆ ಲಯ ಏರುತ್ತ ಹೋಗುತ್ತದೆ. ಮೊದಲ ನುಡಿಯ ನಡಿಗೆ ಬೇರೆ, ಕೊನೆಯ ನುಡಿಯ ಓಟವೇ ಬೇರೆ. ಕ್ಲಿಕ್ ಇದ್ದರೆ ಆ ಏರು ಬರುವುದಕ್ಕೆ ದಾರಿಯೇ ಇಲ್ಲ. ಹಾಡುವವರ ಎಳೆತಕ್ಕೆ ಯಾರೂ ಕಾಯುವುದಿಲ್ಲ, ಯಾಕೆಂದರೆ ಲೂಪ್ ಹಿಂದಿನ ದಿನವೇ ಮುಗಿದಿರುತ್ತದೆ. ಕಟ್ಟೆ ಮೇಲೆ ಕೂತು ಹರಟುವ ನಾಲ್ಕು ಜನರನ್ನು ಒಬ್ಬೊಬ್ಬರಾಗಿ ಬೇರೆ ಕೋಣೆಗೆ ಕರೆದು, ಅವರವರ ಮಾತು ಬರೆಸಿಕೊಂಡು, ಆಮೇಲೆ ಜೋಡಿಸಿದರೆ ಅದು ಹರಟೆ ಆಗುತ್ತದೆಯೇ?

ಜಾಝ್ ಕೂಡ ಹೀಗೇ ಕೂಡಿ ಮಾತಾಡುವ ಸಂಗೀತ. ಮೊದಲು ಎಲ್ಲರೂ ಸೇರಿ ಒಂದು ರಾಗಸಾಲು ನುಡಿಸುತ್ತಾರೆ. ಆಮೇಲೆ ಒಬ್ಬೊಬ್ಬರೇ ಸರದಿ ತೆಗೆದುಕೊಂಡು ಆ ಸಾಲಿನ ಮೇಲೆ ತಮಗೆ ಹೊಳೆದದ್ದನ್ನು ಅಲ್ಲೇ ಕಟ್ಟುತ್ತಾರೆ. ಉಳಿದವರು ಕೆಳಗೆ ಆಧಾರ ಕೊಡುತ್ತಾರೆ, ಕೆಣಕುತ್ತಾರೆ, ದಾರಿ ಬಿಡುತ್ತಾರೆ. ಕೊನೆಗೆ ಮತ್ತೆ ಅದೇ ಸಾಲು. ಪಲ್ಲವಿ, ನುಡಿ, ಪಲ್ಲವಿ ಗೊತ್ತಿದ್ದವರಿಗೆ ಇದು ಹೊಸದಲ್ಲ. ಜಾಝ್ ಹುಟ್ಟಿದ ನ್ಯೂ ಆರ್ಲಿಯನ್ಸ್‌ನಲ್ಲಿ ಮೆರವಣಿಗೆಯ ಬ್ಯಾಂಡ್‌ಗಳೇ ಅದರ ಒಂದು ಬೇರು. ನಮ್ಮೂರಿನ ಮದುವೆ ಮೆರವಣಿಗೆಯಲ್ಲಿ ಬ್ಯಾಂಡಿನವರು ಕ್ಲಾರಿನೆಟ್ ಊದುತ್ತ ಹೋಗುವುದನ್ನು ನೋಡಿದವರು ಆ ಸದ್ದಿನ ಅಂದಾಜು ಮಾಡಬಹುದು.

ಮೇಣ, ಕೊಳವೆ, ಟೇಪು

ಮೊದಲ ಜಾಝ್ ರೆಕಾರ್ಡ್ ಬಂದದ್ದು 1917ರಲ್ಲಿ. ಆಗ ಮೈಕ್ ಇರಲಿಲ್ಲ. ಒಂದು ದೊಡ್ಡ ಕೊಳವೆ, ಅದರ ತುದಿಗೆ ಸೂಜಿ, ಸೂಜಿಯ ಕೆಳಗೆ ತಿರುಗುವ ಮೇಣದ ತಟ್ಟೆ. ಎಲ್ಲರೂ ಕೊಳವೆಯ ಮುಂದೆ ನಿಂತು ಒಟ್ಟಿಗೆ ನುಡಿಸಬೇಕು. ಸದ್ದು ಕಡಿಮೆ ಇದ್ದವರು ಹತ್ತಿರ, ಜಾಸ್ತಿ ಇದ್ದವರು ದೂರ. 1923ರಲ್ಲಿ ಕಿಂಗ್ ಆಲಿವರ್ ಅವರ ಬ್ಯಾಂಡು ಇಂಡಿಯಾನಾದ ರಿಚ್ಮಂಡ್ ಊರಿನ ಜೆನೆಟ್ ಕಂಪನಿಯ ಸ್ಟುಡಿಯೋಗೆ ಹೋಯಿತು. ಆ ಬ್ಯಾಂಡಿನಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಇನ್ನೂ ಹುಡುಗ. ಅವನ ಊದು ಎಷ್ಟು ಜೋರಾಗಿತ್ತೆಂದರೆ ಅವನನ್ನು ಉಳಿದವರಿಂದ ಬಹಳ ಹಿಂದಕ್ಕೆ ನಿಲ್ಲಿಸಬೇಕಾಯಿತು ಎಂದು ಜೊತೆಯವರು ಹೇಳಿದ್ದಾರೆ. ಸ್ಟುಡಿಯೋದ ಪಕ್ಕದಲ್ಲೇ ರೈಲು ಹಳಿ. ರೈಲು ಬಂದರೆ ಕೆಲಸ ನಿಲ್ಲಿಸಬೇಕು. ದೊಡ್ಡ ಡ್ರಮ್ ಬಾರಿಸಿದರೆ ಸೂಜಿಯೇ ಹಾರುವ ಭಯ, ಹಾಗಾಗಿ ಡ್ರಮ್ಮರ್ ಮರದ ತುಂಡು ಬಾರಿಸಿ ಲಯ ಕೊಡುತ್ತಿದ್ದ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಆಗ ಮಿಕ್ಸಿಂಗ್ ಅಂದರೆ ಕೋಣೆಯಲ್ಲಿ ಯಾರು ಎಲ್ಲಿ ನಿಂತರು ಅನ್ನುವುದಷ್ಟೇ. ಹೆಚ್ಚು ಕಡಿಮೆ ಮಾಡಲು ಗುಂಡಿ ಇರಲಿಲ್ಲ, ಕಾಲು ಇತ್ತು. ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ.

1925ರಲ್ಲಿ ಮೈಕ್ ಬಂತು. ಆದರೂ ತಟ್ಟೆಯ ಒಂದು ಬದಿಗೆ ಮೂರು ನಿಮಿಷವಷ್ಟೇ ಹಿಡಿಯುತ್ತಿತ್ತು. ಸಭೆಯಲ್ಲಿ ಹದಿನೈದು ನಿಮಿಷ ನುಡಿಸುವವರು ಸ್ಟುಡಿಯೋದಲ್ಲಿ ಮೂರಕ್ಕೆ ಮುಗಿಸಬೇಕು. 1940ರ ದಶಕದ ಕೊನೆಗೆ ಎರಡು ಹೊಸ ವಸ್ತು ಕೂಡಿ ಬಂದವು. ಒಂದು ಟೇಪು, ಇನ್ನೊಂದು 1948ರಲ್ಲಿ ಕೊಲಂಬಿಯಾ ಕಂಪನಿ ತಂದ ಎಲ್‌ಪಿ ತಟ್ಟೆ. ಒಂದು ಬದಿಗೆ ಇಪ್ಪತ್ತು ನಿಮಿಷ ದಾಟಿ ಹಿಡಿಯುವ ತಟ್ಟೆ. ಈಗ ನಾವು ಆಲ್ಬಂ ಅನ್ನುವ ರೂಪಕ್ಕೆ ಅಲ್ಲಿಂದಲೇ ಬೆಳೆಯಲು ಜಾಗ ಸಿಕ್ಕಿತು.

ಅಪ್ಪ ಅಮ್ಮನ ಪಡಸಾಲೆಯಲ್ಲಿ

ನನಗೆ ಜಾಝ್ ರೆಕಾರ್ಡಿಂಗ್ ಚರಿತ್ರೆಯಲ್ಲಿ ಎಲ್ಲಕ್ಕಿಂತ ಹಿಡಿಸುವ ಮನುಷ್ಯ ರೂಡಿ ವ್ಯಾನ್ ಗೆಲ್ಡರ್. ಹಗಲು ಕಣ್ಣು ಪರೀಕ್ಷಿಸಿ ಕನ್ನಡಕ ಬರೆದುಕೊಡುವ ಕೆಲಸ. ಬಿಡುವಿನಲ್ಲಿ ರೆಕಾರ್ಡಿಂಗ್. ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ ಅಪ್ಪ ಅಮ್ಮನ ಮನೆಯ ಪಡಸಾಲೆಯೇ ಅವರ ಸ್ಟುಡಿಯೋ. ಬ್ಲೂ ನೋಟ್, ಪ್ರೆಸ್ಟೀಜ್ ಕಂಪನಿಗಳ ಎಷ್ಟೋ ಹೆಸರಾಂತ ಆಲ್ಬಂಗಳು ಆ ಪಡಸಾಲೆಯಲ್ಲಿ ಆದವು. 1959ರಲ್ಲಿ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಎತ್ತರದ ಮರದ ಚಾವಣಿಯ ಸ್ಟುಡಿಯೋ ಕಟ್ಟಿಕೊಂಡರು. 2016ರಲ್ಲಿ ತೀರಿಕೊಂಡರು.

1956ರ ಮೇ 11 ಮತ್ತು ಅಕ್ಟೋಬರ್ 26. ಈ ಎರಡು ದಿನ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ತನ್ನ ಐದು ಜನರ ತಂಡದ ಜೊತೆ ಅದೇ ಪಡಸಾಲೆಗೆ ಬಂದರು. ದೊಡ್ಡ ಕಂಪನಿಗೆ ಹೋಗುವ ಮೊದಲು ಪ್ರೆಸ್ಟೀಜ್‌ಗೆ ಕೊಡಬೇಕಾದ ಆಲ್ಬಂಗಳ ಬಾಕಿ ತೀರಿಸಬೇಕಿತ್ತು. ಆ ಎರಡು ದಿನಗಳಲ್ಲಿ ನಾಲ್ಕು ಆಲ್ಬಂಗಳಿಗೆ ಬೇಕಾದದ್ದು ಆಯಿತು: ‘ಕುಕಿನ್’, ‘ರಿಲ್ಯಾಕ್ಸಿನ್’, ‘ವರ್ಕಿನ್’, ‘ಸ್ಟೀಮಿನ್’. ಬಹುಪಾಲು ಒಂದೇ ಟೇಕ್, ಅಂದರೆ ಒಂದೇ ಸಲ ನುಡಿಸಿ ಮುಗಿಸಿದ್ದು. ‘ರಿಲ್ಯಾಕ್ಸಿನ್’ ಕೇಳಿದರೆ ಹಾಡುಗಳ ನಡುವೆ ಮೈಲ್ಸ್ ಒರಟು ದನಿಯಲ್ಲಿ ಮಾತಾಡುವುದು ಕೂಡ ಇದೆ. ಅಳಿಸದೆ ಹಾಗೇ ಬಿಟ್ಟಿದ್ದಾರೆ.

ಎರಡು ದಿನಕ್ಕೆ ನಾಲ್ಕು ಆಲ್ಬಂ ಹೇಗೆ ಸಾಧ್ಯ? ಉತ್ತರ ಸ್ಟುಡಿಯೋದಲ್ಲಿ ಇಲ್ಲ. ಆ ಐದು ಜನ ಅದಕ್ಕೂ ಮೊದಲು ಎಷ್ಟೋ ರಾತ್ರಿ ಕ್ಲಬ್ಬುಗಳಲ್ಲಿ ಅದೇ ಹಾಡು ನುಡಿಸಿದ್ದರು. ಒಬ್ಬರ ಉಸಿರು ಇನ್ನೊಬ್ಬರಿಗೆ ಗೊತ್ತಿತ್ತು. ಈಗ ನಮ್ಮ ಮೇಳಗಳನ್ನು ನೋಡಿ. ಅಮಾವಾಸ್ಯೆ ಬಂತೆಂದರೆ ಬೆಳಗಿನ ತನಕ ಹಾಡುವ ಜನ. ವರ್ಷಗಟ್ಟಲೆ ಜೊತೆಗೆ ಕೂತವರು. ರಿಹರ್ಸಲ್ ಅನ್ನುವುದು ಅವರ ಬದುಕಿನಲ್ಲೇ ಆಗಿಹೋಗಿದೆ. ಒಂದೇ ಟೇಕ್‌ನಲ್ಲಿ ಹಾಡಲು ಇವರಿಗಿಂತ ತಯಾರಾದವರು ಯಾರಿದ್ದಾರೆ? ಅಂಥವರನ್ನು ಒಬ್ಬೊಬ್ಬರಾಗಿ ಬೂತ್‌ನಲ್ಲಿ ನಿಲ್ಲಿಸುವುದು ಅವರ ದೊಡ್ಡ ಬಲವನ್ನೇ ಕಿತ್ತುಕೊಂಡ ಹಾಗೆ.

ಬ್ಲೂ ನೋಟ್ ಕಂಪನಿಯದು ಇನ್ನೊಂದು ಒಳ್ಳೆಯ ಪದ್ಧತಿ. ರೆಕಾರ್ಡಿಂಗ್ ಮೊದಲು ರಿಹರ್ಸಲ್‌ಗೂ ಸಂಬಳ ಕೊಡುತ್ತಿದ್ದರು. ಹಣ ಯಂತ್ರಕ್ಕೆ ಹೋಗುವ ಮೊದಲು ಮನುಷ್ಯರ ತಯಾರಿಗೆ ಹೋಗುತ್ತಿತ್ತು. ಇದನ್ನು ನಮ್ಮ ಅಕಾಡೆಮಿಗಳು, ದಾಖಲೀಕರಣಕ್ಕೆ ಹಣ ಕೊಡುವವರು ನೋಡಬೇಕು ಅಂತ ನನ್ನ ಆಸೆ.

ಮೊದಲು ಯಾವುದನ್ನು ಕೇಳಬೇಕು?

ಜಾಝ್ ಹೊಸದಾಗಿ ಕೇಳುವವರಿಗೆ ನಾನು ಮೊದಲು ಹೇಳುವುದು ‘ಕೈಂಡ್ ಆಫ್ ಬ್ಲೂ’. ಎಲ್ಲರೂ ಇದನ್ನೇ ಹೇಳುತ್ತಾರೆ, ಹೌದು. ಹೇಳುವುದಕ್ಕೆ ಕಾರಣವಿದೆ. 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು ನ್ಯೂಯಾರ್ಕಿನ ಕೊಲಂಬಿಯಾ ಸ್ಟುಡಿಯೋದಲ್ಲಿ ಆಯಿತು. ಮೊದಲು ಅದು ಚರ್ಚ್ ಆಗಿತ್ತು. ಚಾವಣಿ ಸುಮಾರು 100 ಅಡಿ ಎತ್ತರ. ಮೈಲ್ಸ್ ಟ್ರಂಪೆಟ್, ಜಾನ್ ಕೊಲ್ಟ್ರೇನ್ ಮತ್ತು ಕ್ಯಾನನ್‌ಬಾಲ್ ಆಡರ್ಲಿ ಸ್ಯಾಕ್ಸೊಫೋನ್, ಬಿಲ್ ಇವಾನ್ಸ್ ಪಿಯಾನೊ, ಒಂದು ಹಾಡಿಗೆ ಮಾತ್ರ ವಿಂಟನ್ ಕೆಲಿ ಪಿಯಾನೊ, ಪಾಲ್ ಚೇಂಬರ್ಸ್ ಬೇಸ್, ಜಿಮ್ಮಿ ಕಾಬ್ ಡ್ರಮ್ಸ್. ಮೈಲ್ಸ್ ಕೈಯಲ್ಲಿ ಪೂರ್ತಿ ಬರೆದ ಸಂಗೀತ ಇರಲಿಲ್ಲ. ಸ್ವರಗಳ ಸಾಲು, ಒಂದಿಷ್ಟು ಗೆರೆ, ಅಷ್ಟೇ. ಆರ್ಕೆಸ್ಟ್ರಾದಂತೆ ಬರೆದದ್ದನ್ನು ಓದಿ ನುಡಿಸುವ ಬದಲು ಕೊಟ್ಟ ಸ್ವರಗಳ ಒಳಗೆ ಸುತ್ತಾಡಬೇಕು. ರಾಗದಲ್ಲಿ ಆಲಾಪ ಮಾಡುವುದನ್ನು ಕೇಳಿ ಬೆಳೆದ ನಮಗೆ ಇದು ತಟ್ಟನೆ ಹಿಡಿಸುತ್ತದೆ. ಪದೇ ಪದೇ ಬದಲಾಗುವ ಸ್ವರಮೇಳಗಳ ಗದ್ದಲ ಇಲ್ಲಿ ಕಡಿಮೆ.

ರೆಕಾರ್ಡ್ ಆದದ್ದು ಮೂರು ಟ್ರ್ಯಾಕಿನ, ಅಂದರೆ ಸದ್ದನ್ನು ಮೂರು ಬೇರೆ ಸಾಲಿನಲ್ಲಿ ಹಿಡಿಯುವ, ಟೇಪಿನ ಮೇಲೆ. ಎಡ, ನಡು, ಬಲ. ಇಂದು ನಮ್ಮ ಸಣ್ಣ ಸ್ಟುಡಿಯೋದ ಕಂಪ್ಯೂಟರಿನಲ್ಲಿ ನೂರು ಟ್ರ್ಯಾಕ್ ತೆರೆಯಬಹುದು. ಒಬ್ಬರ ಮೈಕಿಗೆ ಇನ್ನೊಬ್ಬರ ಸದ್ದು ಬೀಳುವುದನ್ನು ಈಗಿನವರು ಬ್ಲೀಡ್ ಅಂತ ಕರೆದು ದೂರ ಇಡುತ್ತಾರೆ. ‘ಕೈಂಡ್ ಆಫ್ ಬ್ಲೂ’ನಲ್ಲಿ ಎಲ್ಲರ ಸದ್ದೂ ಎಲ್ಲರ ಮೈಕಿಗೆ ಒಂದಿಷ್ಟು ಬಿದ್ದಿದೆ. ಆ ಸೋರುವಿಕೆಯೇ ಕೋಣೆ ಎಷ್ಟು ದೊಡ್ಡದು, ಯಾರು ಎಲ್ಲಿ ನಿಂತಿದ್ದಾರೆ ಅನ್ನುವುದನ್ನು ಕಿವಿಗೆ ಹೇಳುತ್ತದೆ. ಕಲಬುರಗಿ ಕೋಟೆಯಲ್ಲಿ 1367ರ ಜಾಮಾ ಮಸೀದಿ ಇದೆಯಲ್ಲ, ಅಂಗಳವೇ ಇಲ್ಲದೆ ಪೂರ್ತಿ ಗುಮ್ಮಟಗಳ ಚಾವಣಿ ಹೊದ್ದಿರುವ ಕಟ್ಟಡ. ಆ ಕಮಾನುಗಳ ಕೆಳಗೆ ಮಾತಾಡುತ್ತ ನಡೆದವರಿಗೆ ಕಟ್ಟಡವೂ ದನಿಯ ಒಂದು ಭಾಗ ಅನ್ನುವುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಸಣ್ಣ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಮಾರ್ಚ್ ದಿನದ ಟೇಪ್ ಯಂತ್ರ ಸ್ವಲ್ಪ ನಿಧಾನ ಓಡುತ್ತಿತ್ತು. ಆ ಟೇಪನ್ನು ಸರಿಯಾದ ವೇಗದಲ್ಲಿ ಓಡಿಸಿದಾಗ ತಟ್ಟೆಯ ಮೊದಲ ಬದಿಯ ಶ್ರುತಿ ಒಂಚೂರು ಏರಿತ್ತು. ಸರಿಯಾದ ವೇಗದ ಇನ್ನೊಂದು ಟೇಪಿನಿಂದ 1992ರಲ್ಲಿ ತಿದ್ದಿದರು. ಅಲ್ಲಿಯವರೆಗೆ ಮೂವತ್ತು ವರ್ಷ ಜಗತ್ತು ಆ ಏರಿದ ಶ್ರುತಿಯನ್ನೇ ಪ್ರೀತಿಯಿಂದ ಕೇಳಿತು. ಶ್ರುತಿ ಕೂದಲೆಳೆ ಸರಿದರೆ ಹಾಡು ಕೆಟ್ಟಿತು ಅಂತ ಸಾಫ್ಟ್‌ವೇರ್ ಹಾಕಿ ನಮ್ಮ ಹಿರಿಯ ಪದಗಾರರ ದನಿ ತಿದ್ದುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಎರಡನೆಯದು ಜಾನ್ ಕೊಲ್ಟ್ರೇನ್ ಅವರ ‘ಎ ಲವ್ ಸುಪ್ರೀಮ್’. 1964ರ ಡಿಸೆಂಬರ್ 9ರಂದು ವ್ಯಾನ್ ಗೆಲ್ಡರ್ ಅವರ ಹೊಸ ಸ್ಟುಡಿಯೋದಲ್ಲಿ ಒಂದೇ ದಿನ ಆಯಿತು. ಜೊತೆಗೆ ಪಿಯಾನೊಗೆ ಮೆಕಾಯ್ ಟೈನರ್, ಬೇಸ್‌ಗೆ ಜಿಮ್ಮಿ ಗ್ಯಾರಿಸನ್, ಡ್ರಮ್ಸ್‌ಗೆ ಎಲ್ವಿನ್ ಜೋನ್ಸ್. ನಾಲ್ಕು ಭಾಗಗಳ, ಅರ್ಧ ಗಂಟೆ ದಾಟುವ ಒಂದೇ ಪ್ರಾರ್ಥನೆ. ಇದರ ಕೊನೆಯ ಭಾಗ ತತ್ವಪದದ ನಾಡಿನವರು ಕೇಳಲೇಬೇಕಾದದ್ದು. ಕೊಲ್ಟ್ರೇನ್ ದೇವರಿಗೆ ಒಂದು ಕವಿತೆ ಬರೆದಿದ್ದರು. ಅದು ಆಲ್ಬಂ ಹೊದಿಕೆಯಲ್ಲಿ ಅಚ್ಚಾಗಿದೆ. ಆ ಕವಿತೆಯ ಒಂದೊಂದು ಮಾತನ್ನೂ ಅವರು ಸ್ಯಾಕ್ಸೊಫೋನಿನಲ್ಲಿ ಊದುತ್ತ ಹೋಗುತ್ತಾರೆ. ಬಾಯಿಂದ ಮಾತು ಬರುವುದಿಲ್ಲ, ಆದರೆ ಕವಿತೆ ಮುಂದಿಟ್ಟುಕೊಂಡು ಕೇಳಿದರೆ ಸಾಲುಗಳು ಹೊಂದುತ್ತವೆ. ತಾಳ ಕಟ್ಟಿಲ್ಲ. ಡ್ರಮ್ಸ್ ಗುಡುಗಿನಂತೆ ಉರುಳುತ್ತಿರುತ್ತದೆ. ವಚನ ಹಾಡುವವರು ಗದ್ಯದ ಸಾಲನ್ನು ಉಸಿರಿನ ಅಳತೆಗೆ ಹಿಡಿದು ಹಾಡುವುದನ್ನು ಬಲ್ಲವರಿಗೆ ಇದು ದೂರದ ಸಂಗೀತ ಅನ್ನಿಸುವುದೇ ಇಲ್ಲ.

ಮೂರನೆಯದು ಬಿಲ್ ಇವಾನ್ಸ್ ಮೂವರ ತಂಡ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ನೆಲಮಾಳಿಗೆ ಕ್ಲಬ್ಬಿನಲ್ಲಿ 1961ರ ಜೂನ್ 25ರ ಭಾನುವಾರ ನುಡಿಸಿದ್ದು. ಲೋಟಗಳ ಸದ್ದು, ಜನರ ಗುಸುಗುಸು ಎಲ್ಲ ಕೇಳುತ್ತದೆ. ಮೊದಲ ಹಾಡಿನ ನಡುವೆ ಕರೆಂಟ್ ಕೈಕೊಟ್ಟು ರೆಕಾರ್ಡಿಂಗ್ ತುಂಡಾಯಿತು. ನಮಗೆ ಪರಿಚಿತವಾದ ತೊಂದರೆ ಅಲ್ವಾ? ಪೂರ್ತಿ ಸಂಗ್ರಹ ಮುಂದೆ ಬಂದಾಗ ಆ ತುಂಡಾದ ಟೇಕನ್ನೂ ಹಾಗೇ ಸೇರಿಸಿದರು. ಬೇಸ್ ನುಡಿಸಿದ ಸ್ಕಾಟ್ ಲಫಾರೊ ಹನ್ನೊಂದು ದಿನಕ್ಕೆ ಕಾರು ಅಪಘಾತದಲ್ಲಿ ತೀರಿಕೊಂಡರು. ವಯಸ್ಸು 25. ಆ ಭಾನುವಾರ ಟೇಪ್ ಯಂತ್ರ ತರದಿದ್ದರೆ ಆ ಮೂವರ ಕೂಟ ಅಷ್ಟು ಚೆನ್ನಾಗಿ ಉಳಿಯುತ್ತಲೇ ಇರಲಿಲ್ಲ. ನಮ್ಮ ಹಿರಿಯ ಪದಗಾರರ ವಿಷಯದಲ್ಲಿ ನನಗೆ ಆತುರ ಇರುವುದು ಇದಕ್ಕೇ. ಪದಗಳ ಪಠ್ಯ ಸಂಪುಟಗಳಾಗಿ ಅಚ್ಚಾಗಿದೆ. ಆದರೆ ಮಡಿವಾಳಪ್ಪನ ಅಥವಾ ಚೆನ್ನೂರ ಜಲಾಲಸಾಹೇಬರ ಒಂದು ಪದವನ್ನು ಈ ಮೇಳ ಹೇಗೆ ಎತ್ತುತ್ತದೆ, ಆ ಮೇಳ ಎಲ್ಲಿ ನಿಲ್ಲಿಸುತ್ತದೆ ಅನ್ನುವುದು ಪುಸ್ತಕದಲ್ಲಿ ಸಿಗುವುದಿಲ್ಲ.

ಲಯದ ಹುಚ್ಚು ಇರುವವರಿಗೆ ಪಿಯಾನೊ ವಾದಕ ಡೇವ್ ಬ್ರೂಬೆಕ್ ಅವರ ‘ಟೈಮ್ ಔಟ್’, 1959. ಇದರಲ್ಲಿನ ‘ಟೇಕ್ ಫೈವ್’ ಐದು ಮಾತ್ರೆಯ ಆವರ್ತ. ಹತ್ತು ಮಾತ್ರೆಯ ಝಪ್‌ತಾಲ ಬಾರಿಸುವವರು ಕೂಡಲೇ ಕೈಯಲ್ಲಿ ಎಣಿಸತೊಡಗುತ್ತಾರೆ. ಬ್ರೂಬೆಕ್ ಅದರ ಹಿಂದಿನ ವರ್ಷ ಭಾರತಕ್ಕೂ ಬಂದು ನುಡಿಸಿದ್ದರು. ಹಾಡು ಬೇಕು ಅನ್ನುವವರಿಗೆ ಎಲಾ ಫಿಟ್ಜೆರಾಲ್ಡ್ ಮತ್ತು ಲೂಯಿ ಆರ್ಮ್‌ಸ್ಟ್ರಾಂಗ್ ಹಾಡಿದ 1956ರ ‘ಎಲಾ ಅಂಡ್ ಲೂಯಿ’. ಒಂದು ನಯವಾದ ದನಿ, ಒಂದು ಒರಟು ದನಿ. ಒಬ್ಬರಿಗೊಬ್ಬರು ಜಾಗ ಬಿಡುವುದನ್ನು ಅಲ್ಲಿ ಕಲಿಯಬಹುದು.

ಕರ್ನಾಟಕದ ಕೈಯೂ ಈ ಚರಿತ್ರೆಯಲ್ಲಿದೆ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿ ಅವರ ತಂಡ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ‘ಜ್ಯೋತಿ’ ಆಲ್ಬಂ ಮಾಡಿತು, 1983ರಲ್ಲಿ, ಜರ್ಮನಿಯ ಇಸಿಎಂ ಕಂಪನಿಗೆ. 2008ರಲ್ಲಿ ಕದ್ರಿ ಗೋಪಾಲನಾಥ್ ಅವರು ರುದ್ರೇಶ್ ಮಹಾಂತಪ್ಪ ಜೊತೆ ‘ಕಿನ್ಸ್‌ಮೆನ್’ ಮಾಡಿದರು. ಎರಡು ಸ್ಯಾಕ್ಸೊಫೋನ್, ಒಂದು ಕರ್ನಾಟಕ ಸಂಗೀತದ್ದು, ಒಂದು ಜಾಝ್‌ನದು. ಇಬ್ಬರೂ ಸವಾಲ್ ಜವಾಬ್ ಮಾಡುತ್ತಾರೆ. ಇದನ್ನು ತುಂಡು ತುಂಡಾಗಿ ರೆಕಾರ್ಡ್ ಮಾಡಿದ್ದರೆ ಆ ಕಿಡಿ ಬರುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ.

ಕತ್ತರಿ ಹಾಕಿದವರೂ ಇದ್ದಾರೆ

ಜಾಝ್‌ನವರು ಕತ್ತರಿ ಮುಟ್ಟಲೇ ಇಲ್ಲ ಅಂದರೆ ಸುಳ್ಳಾಗುತ್ತದೆ. 1941ರಲ್ಲೇ ಸಿಡ್ನಿ ಬೆಶೆ ಒಬ್ಬರೇ ಕ್ಲಾರಿನೆಟ್, ಸ್ಯಾಕ್ಸೊಫೋನ್, ಪಿಯಾನೊ, ಬೇಸ್, ಡ್ರಮ್ಸ್ ಎಲ್ಲ ನುಡಿಸಿ ಒಂದರ ಮೇಲೊಂದು ಹೊಂದಿಸಿದರು. ಪಿಯಾನೊ ವಾದಕ ಥೆಲೋನಿಯಸ್ ಮಂಕ್ ಅವರ ‘ಬ್ರಿಲಿಯಂಟ್ ಕಾರ್ನರ್ಸ್’ ಹಾಡು ಎಷ್ಟು ಕಷ್ಟದ್ದೆಂದರೆ 25 ಸಲ ಪ್ರಯತ್ನಿಸಿದರೂ ಪೂರ್ತಿ ಒಂದು ಟೇಕ್ ಸಿಗಲಿಲ್ಲ. ಕೊನೆಗೆ ಟೇಪು ಕತ್ತರಿಸಿ ಅಂಟಿಸಿದರು. ‘ಎ ಲವ್ ಸುಪ್ರೀಮ್’ ಮೊದಲ ಭಾಗದಲ್ಲಿ ಕೊಲ್ಟ್ರೇನ್ ಆಡುವ ಜಪದ ದನಿಗೆ ಆಮೇಲೆ ಇನ್ನೊಂದು ಪದರ ಸೇರಿಸಿದ್ದೂ ಇದೆ. ಮೈಲ್ಸ್ ಅವರ 1969ರ ‘ಇನ್ ಎ ಸೈಲೆಂಟ್ ವೇ’ ಆಲ್ಬಂನಲ್ಲಿ ನಿರ್ಮಾಪಕ ಟಿಯೋ ಮಸೇರೊ ಆರಂಭದ ಭಾಗವನ್ನೇ ಕತ್ತರಿಸಿ ಕೊನೆಗೂ ಅಂಟಿಸಿದರು. ಕೇಳಲು ಸುಂದರವಾಗಿದೆ.

1956ರ ನ್ಯೂಪೋರ್ಟ್ ಜಾಝ್ ಉತ್ಸವದ ಕತೆ ಇನ್ನೂ ಕುತೂಹಲದ್ದು. ಡ್ಯೂಕ್ ಎಲಿಂಗ್ಟನ್ ತಂಡದ ಪಾಲ್ ಗೊನ್ಸಾಲ್ವಿಸ್ ಎದ್ದು ನಿಂತು ಒಂದೇ ಉಸಿರು ಎಂಬಂತೆ 27 ಸುತ್ತು ಸ್ಯಾಕ್ಸೊಫೋನ್ ಊದಿದರು. ಜನ ಎದ್ದು ಕುಣಿದರು. ಆದರೆ ಅವರು ಊದಿದ್ದು ಬೇರೆಯವರ ಮೈಕಿಗೆ. ಕೊಲಂಬಿಯಾದ ಟೇಪಿನಲ್ಲಿ ಆ ದನಿ ದೂರ ಉಳಿಯಿತು. ಬೇರೆ ಕೆಲವು ಹಾಡುಗಳನ್ನು ಸ್ಟುಡಿಯೋದಲ್ಲಿ ಮತ್ತೆ ನುಡಿಸಿ ಚಪ್ಪಾಳೆ ಸೇರಿಸಿ ತಟ್ಟೆ ಹೊರತಂದರು. ಆ ಬೇರೆ ಮೈಕಿನ ಟೇಪು ಆಮೇಲೆ ಸಿಕ್ಕಿ, ಎರಡನ್ನೂ ಕೂಡಿಸಿ 1999ರಲ್ಲಿ ನಿಜವಾದ ಕಾರ್ಯಕ್ರಮ ಹೊರಬಂತು.

ಹಾಗಾಗಿ ನನ್ನ ತಕರಾರು ಕಂಪ್ಯೂಟರಿನ ಮೇಲೆ ಇಲ್ಲ. ಮಸೇರೊ ಕತ್ತರಿಸಿದ್ದು ಎಲ್ಲರೂ ಒಂದೇ ಕೋಣೆಯಲ್ಲಿ ಒಬ್ಬರನ್ನೊಬ್ಬರು ಕೇಳುತ್ತ ನುಡಿಸಿದ ಸಂಗೀತವನ್ನು. ಕೂಟ ಮೊದಲು, ಕತ್ತರಿ ಆಮೇಲೆ. ನಮ್ಮಲ್ಲಿ ಕೂಟವೇ ಇಲ್ಲದೆ ಕತ್ತರಿಯಿಂದ ಶುರುವಾಗುತ್ತಿದೆ. ಈಗ ಸುನೋ, ಉಡಿಯೋ ತರಹದ ಎಐ ಸಾಧನಗಳು ಬಂದಿವೆ. ಸಾಹಿತ್ಯ ಕೊಟ್ಟರೆ ಹಾಡೇ ತಯಾರು. ಕ್ಲಿಕ್, ಲೂಪ್, ತಿದ್ದಿದ ದನಿ ಇರುವ ಭಜನೆಯನ್ನು ಯಂತ್ರ ಸುಲಭವಾಗಿ ಮಾಡಿಬಿಡುತ್ತದೆ, ಯಾಕೆಂದರೆ ಅದು ಆಗಲೇ ಅರ್ಧ ಯಂತ್ರದ್ದು. ಹುರುಪಿಗೆ ಅರ್ಧ ಮಾತ್ರೆ ಮೊದಲೇ ಎತ್ತುವ ಹಿಮ್ಮೇಳ, ಅದಕ್ಕೆ ನಕ್ಕು ಪೆಟ್ಟು ಬದಲಿಸುವ ತಬಲಾದವರು ಇರುವುದು ಜೊತೆಗೆ ಕೂತ ಮೇಳದಲ್ಲಿ. ನಮ್ಮ ಪದಗಾರರ ಹೊಟ್ಟೆಪಾಡು ಉಳಿಯಬೇಕಾದರೂ ಅದನ್ನೇ ಹಿಡಿದು ಕೊಡಬೇಕು.

ನಮ್ಮ ಊರಲ್ಲಿ, ನಮ್ಮ ಖರ್ಚಿನಲ್ಲಿ

ಇದಕ್ಕೆ ದೊಡ್ಡ ಸ್ಟುಡಿಯೋ ಬೇಕಿಲ್ಲ. ವ್ಯಾನ್ ಗೆಲ್ಡರ್‌ಗೆ ಪಡಸಾಲೆ ಸಾಕಾಯಿತು. ನಮಗೂ ಸಾಕು.

ಮೊದಲು ಕೋಣೆ. ಪತ್ರಾಸಿನ (ತಗಡಿನ) ಚಾವಣಿ ಬೇಡ, ಝಣಗುಡುತ್ತದೆ. ದಪ್ಪ ಗೋಡೆಯ ಹಳೆಯ ಮನೆ, ಮಠದ ಒಳಕೋಣೆ ಒಳ್ಳೆಯದು. ಶಹಾಬಾದಿ ಪರಸಿ ಕಲ್ಲು ಹಾಸಿದ ನೆಲ ಸದ್ದನ್ನು ಹಾಗೇ ವಾಪಸ್ ಎಸೆಯುತ್ತದೆ, ಅದಕ್ಕೆ ಜಮಖಾನೆ ಹಾಸಿ. ಎದುರುಬದುರು ಗೋಡೆಗಳಲ್ಲಿ ಒಂದಕ್ಕೆ ಕೌದಿ ನೇತುಹಾಕಿ. ದಪ್ಪ ಕೌದಿ ತಾಳದ ಚೂಪು ಸದ್ದನ್ನು ಹೀರುವುದರಲ್ಲಿ ತೆಳ್ಳಗಿನ ಫೋಮ್‌ಗಿಂತ ಕಡಿಮೆ ಏನಿಲ್ಲ. ಪೂರ್ತಿ ಮುಚ್ಚಬೇಡಿ. ಕೋಣೆಗೆ ಒಂಚೂರು ಉಸಿರಾಟ ಇರಲಿ.

ಫ್ಯಾನ್, ಫ್ರಿಜ್ ಬಂದ್ ಮಾಡಬೇಕು. ಏಪ್ರಿಲ್, ಮೇ ಬಿಸಿಲಲ್ಲಿ ನಮ್ಮ ಕಡೆ ಫ್ಯಾನ್ ಇಲ್ಲದೆ ಕೂರುವುದು ಯಾರಿಗೂ ಆಗದ ಮಾತು. ಡಿಸೆಂಬರ್, ಜನವರಿಯ ರಾತ್ರಿಗಳನ್ನು ಇದಕ್ಕೆ ಇಟ್ಟುಕೊಳ್ಳಿ. ಆಗ ರಸ್ತೆಯ ಸದ್ದೂ ಕಡಿಮೆ.

ಮೇಳದವರನ್ನು ದಿನಾ ಕೂರುವ ಹಾಗೇ ಕೂರಿಸಿ. ಒಬ್ಬರ ಮುಖ ಒಬ್ಬರಿಗೆ ಕಾಣಬೇಕು. ಹೆಡ್‌ಫೋನ್ ಬೇಡ, ಕ್ಲಿಕ್ ಬೇಡ. ಎರಡು ಮೈಕ್ ಇರುವ ಸಣ್ಣ ಕೈ ರೆಕಾರ್ಡರ್ ಒಂದಿದ್ದರೆ ಅದನ್ನು ಮೇಳದ ಮುಂದೆ, ಕೂತವರ ತಲೆಗಿಂತ ಸ್ವಲ್ಪ ಎತ್ತರದಲ್ಲಿ ನಿಲ್ಲಿಸಿ. ಒಂದು ನುಡಿ ಹಾಡಿಸಿ, ಕೇಳಿ ನೋಡಿ. ತಾಳ ಜಾಸ್ತಿ ಆಯಿತೇ? ತಾಳದವರನ್ನು ಎರಡು ಅಡಿ ಹಿಂದೆ ಸರಿಸಿ. ಮುಂದೆ ಹಾಡುವವರ ದನಿ ಸಾಲದೇ? ಅವರನ್ನು ಒಂದು ಅಡಿ ಮುಂದೆ ತನ್ನಿ. 1923ರಲ್ಲಿ ಕಾಲಿನಿಂದ ಮಾಡಿದ ಮಿಕ್ಸಿಂಗ್ ಈಗಲೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಒಂದು ಗಂಟೆ ಇದಕ್ಕೇ ಹೋದರೂ ಹೋಗಲಿ.

ಇನ್ನಷ್ಟು ಮೈಕ್ ಇದ್ದರೆ ಹಾಡುವವರಿಗೊಂದು, ಪೇಟಿ ತಬಲಾ ನಡುವೆ ಒಂದು ಸೇರಿಸಬಹುದು. ಆಗ ಒಂದು ಅಳತೆ ನೆನಪಿರಲಿ. ಮೈಕಿಗೂ ಹಾಡುವವರ ಬಾಯಿಗೂ ಒಂದು ಅಡಿ ಇದ್ದರೆ, ಇನ್ನೊಂದು ಮೈಕ್ ಅದರಿಂದ ಕನಿಷ್ಠ ಮೂರು ಅಡಿ ದೂರ ಇರಬೇಕು. ಹತ್ತಿರ ಇಟ್ಟರೆ ಒಂದೇ ದನಿ ಎರಡು ಮೈಕಿಗೂ ಕ್ಷಣದ ಅಂತರದಲ್ಲಿ ತಲುಪಿ, ಕೂಡಿಸಿದಾಗ ಟೊಳ್ಳಾಗಿ ಕೇಳುತ್ತದೆ. ರೆಕಾರ್ಡರಿನ ಸೆಟ್ಟಿಂಗಿನಲ್ಲಿ ಫೈಲು 24 ಬಿಟ್, 48 ಕಿಲೋಹರ್ಟ್ಸ್ ವೇವ್ (WAV) ಆಗಿರಲಿ. ಸದ್ದಿನ ಮಟ್ಟ ತೀರಾ ಜೋರಾದಾಗಲೂ ರೆಕಾರ್ಡರಿನ ಮೀಟರಿನಲ್ಲಿ ಮೈನಸ್ 12 ಡೆಸಿಬಲ್ ಹತ್ತಿರ ನಿಲ್ಲುವಂತೆ ಇಡಿ. ಮೊದಲ ನುಡಿಗೂ ಕೊನೆಯ ನುಡಿಗೂ ಜೋರು ತುಂಬಾ ಬದಲಾಗುತ್ತದೆ, ಆ ಏರಿಗೆ ಜಾಗ ಬೇಕು. ಎಂಪಿ3 ಆಮೇಲೆ ಮಾಡಿಕೊಳ್ಳಬಹುದು, ಮೂಲ ಫೈಲು ಎರಡು ಕಡೆ ಇಡಿ.

ಹದಿನೆಂಟು ನಿಮಿಷದ ಪದವನ್ನು ನಾಲ್ಕಕ್ಕೆ ಕತ್ತರಿಸಬೇಡಿ. ಮೂರು ನಿಮಿಷದ ತಟ್ಟೆಯ ಕಾಲ ಮುಗಿದು ಮುಕ್ಕಾಲು ಶತಮಾನ ದಾಟಿತು.

ಇನ್ನು ಹೆಸರಿನ ವಿಷಯ. ಜಾಝ್ ಆಲ್ಬಂ ಹೊದಿಕೆ ತಿರುಗಿಸಿದರೆ ಯಾರು ಯಾವ ವಾದ್ಯ, ಎಷ್ಟೋ ಸಲ ಯಾವ ತಾರೀಖು, ಯಾವ ಸ್ಟುಡಿಯೋ ಅನ್ನುವುದೂ ಇರುತ್ತದೆ. ಅದಕ್ಕೇ ಅರವತ್ತೆಪ್ಪತ್ತು ವರ್ಷದ ಹಿಂದಿನ ಒಂದು ಮಧ್ಯಾಹ್ನ ಡ್ರಮ್ಸ್ ನುಡಿಸಿದವರು ಯಾರು ಅಂತ ನಾನು ಕಲಬುರಗಿಯಲ್ಲಿ ಕೂತು ಹೇಳಬಲ್ಲೆ. ನಮ್ಮ ತತ್ವಪದದ ವಿಡಿಯೋಗಳಲ್ಲಿ ಚಾನೆಲ್ ಹೆಸರು ದೊಡ್ಡದಾಗಿ ಇರುತ್ತದೆ. ಮುಂದೆ ಹಾಡುವವರ ಹೆಸರು ಕೆಲವು ಸಲ ಇರುತ್ತದೆ. ದಮ್ಮಡಿಯವರು, ತಾಳದವರು, ಹಿಮ್ಮೇಳದ ಹೆಣ್ಣುಮಕ್ಕಳು ಯಾರು? ಎಲ್ಲೂ ಇಲ್ಲ. ಇದು ಬರೀ ಮರ್ಯಾದೆಯ ಮಾತಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ ಹಾಡಿದವರು, ನುಡಿಸಿದವರು ತಮ್ಮ ಹೆಸರು ಹಾಕಿ ಅಂತ ಕೇಳುವ ಹಕ್ಕು ಪಡೆದಿದ್ದಾರೆ. ಪದಕಾರರು ತೀರಿಕೊಂಡು 60 ವರ್ಷ ದಾಟಿದ್ದರೆ ಪದ ಎಲ್ಲರದ್ದು. ಆದರೆ ಈ ಮೇಳ ಹಾಡಿದ ಈ ಹಾಡುಗಾರಿಕೆಯ ಮೇಲೆ ಹಾಡಿದವರಿಗೆ 50 ವರ್ಷದ ಹಕ್ಕು ಇದೆ. ಮೊಬೈಲ್ ತೋರಿಸಿ, ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೋಗುವವರು ಬಂದರೆ ಮೇಳದವರು ಮೊದಲು ಅದನ್ನು ಓದಿಸಿ ಕೇಳಬೇಕು.

ಹೆಸರು ಹಾಕುವುದು ಕಷ್ಟವೂ ಅಲ್ಲ. ವಿಡಿಯೋ ಕೆಳಗೆ ಐದಾರು ಸಾಲು: ಪದಕಾರರು, ಮುಂದೆ ಹಾಡಿದವರು, ಹಿಮ್ಮೇಳದವರು ಒಬ್ಬೊಬ್ಬರೂ, ಯಾವ ವಾದ್ಯ ಯಾರು, ಮೇಳದ ಊರು, ರೆಕಾರ್ಡ್ ಮಾಡಿದ ಜಾಗ ಮತ್ತು ತಾರೀಖು, ಮೈಕ್ ಹಿಡಿದವರು. ಈಗಾಗಲೇ ಹಾಕಿರುವ ವಿಡಿಯೋಗಳ ವಿವರವನ್ನೂ ತಿದ್ದಲು ಬರುತ್ತದೆ. ಹಳೆಯ ವಿಡಿಯೋಗಳಲ್ಲಿ ಕೂತವರನ್ನು ಗುರುತು ಹಿಡಿಯುವವರು ಆ ಊರುಗಳಲ್ಲಿ ಇನ್ನೂ ಇದ್ದಾರೆ. ಈ ಕೆಲಸಕ್ಕೆ ಮೈಕೂ ಬೇಡ, ಸ್ಟುಡಿಯೋನೂ ಬೇಡ, ಈ ವಾರವೇ ಶುರು ಮಾಡಬಹುದು.